ಕ್ಯಾಪ್ಸೂಲಿನ ಸಿಪ್ಪೆ

ಯಳಂದೂರು
೧೦ ಜೂನ್ ೨೦೨೪

ಅತ್ತಿಗೆಗೆ ಪ್ರೇಮಳ ನಮಸ್ಕಾರಗಳು.

ಭವ್ಯಳನ್ನು ನಿಮ್ಮ ಕೈಗೆ ಒಪ್ಪಿಸಿ ಬಸ್ಸು ಹತ್ತಿದವಳು ಹನೂರು ದಾಟುವವರೆಗೂ ಕಿಟಕಿಯ ಕಡೆ ತಿರುಗಲಿಲ್ಲ. ತಿರುಗಿದ್ದರೆ ಇಳಿದುಬಿಡುತ್ತಿದ್ದೆ. ಇಲ್ಲಿ ಹಾಸ್ಟೆಲಿನಲ್ಲಿ ಇವತ್ತು ಇನ್ನೂ ಇಬ್ಬರು ಹುಡುಗಿಯರಿಗೆ ಮೈಮೇಲೆ ಅಮ್ಮ, ಅದೇ ಸೀತಾಳೆ ಸಿಡುಬು, ಎದ್ದಿದೆ. ನಾನು ಇಲ್ಲಿ ಅಡುಗೆಯವಳು, ಅಡುಗೆಯವಳ ಮಗಳು ಅಂತ ಭವ್ಯ ಇಡೀ ದಿನ ಆ ಹುಡುಗಿಯರ ಮಧ್ಯೆಯೇ ಓಡಾಡಿಕೊಂಡಿದ್ದವಳು. ಅವಳು ತಿನ್ನುವ ಔಷಧಿಗಳು ಮೈಯ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತವೆ, ಬೇರೆ ಮಕ್ಕಳಿಗೆ ಬಂದು ಹೋಗುವ ಅಮ್ಮ ಇವಳಿಗೆ ಬಂದರೆ ಜೀವಕ್ಕೇ ಕುತ್ತು ಎಂದು ಮೈಸೂರಿನ ಕಿಡ್ನಿ ಡಾಕ್ಟರಮ್ಮ ಹೇಳಿದರು. ಅವಳ ಅಪ್ಪ ಲಾರಿ ಹತ್ತಿ ಸೇಲಂ ಕಡೆ ಹೋದರೆ ತಿಂಗಳಿಗೊಮ್ಮೆ ಬರುವವರು. ತವರು ಬಿಟ್ಟು ನನಗೆ ಬೇರೆ ಎಲ್ಲಿದೆ ಹೇಳಿ.

ಅವಸರದಲ್ಲಿ ಹೇಳಿದ್ದು ಮರೆತೀರಿ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಹೊಲದ ಮನೆಯಲ್ಲಿ ಸಿಗ್ನಲ್ ಇಲ್ಲ. ಸಿಕ್ಕಿದ ದಿನ ಅವ್ವ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾಳೆ. ಇನ್ನು ಮೇಲೆ ಔಷಧಿಯ ಪೊಟ್ಟಣದ ಜೊತೆಗೇ ಕಾಗದವನ್ನೂ ಕಂಡಕ್ಟರ್ ರಾಜಣ್ಣನ ಕೈಯಲ್ಲಿ ಕಳಿಸುತ್ತೇನೆ. ನೀವೂ ಅವನ ಕೈಯಲ್ಲೇ ಕೊಡಿ.

ಅವಳದು ಮೂತ್ರದಲ್ಲಿ ಪ್ರೋಟೀನು ಸೋರಿಹೋಗುವ ಕಾಯಿಲೆ. ವಾಸಿಯಾಯಿತು ಅನ್ನುವಷ್ಟರಲ್ಲಿ ಒಂದು ನೆಗಡಿ ಬಂದರೆ ಸಾಕು, ಮತ್ತೆ ಶುರು. ಪ್ರತಿ ಸಲವೂ ಸ್ಟೀರಾಯ್ಡ್ ಕೊಟ್ಟೇ ನಿಲ್ಲಿಸಿದ್ದು. ಅವಳ ಕೆನ್ನೆ ಉಬ್ಬಿರುವುದು ನೋಡಿ ಊರಿನವರು ಮಗು ಮೈ ತುಂಬಿಕೊಂಡಿದೆ ಅನ್ನುತ್ತಾರಲ್ಲ, ಅದು ಸ್ಟೀರಾಯ್ಡಿನ ಊತ. ಎರಡು ವರ್ಷದ ಹಿಂದಿನ ಲಂಗ ಅವಳಿಗೆ ಇವತ್ತಿಗೂ ಸರಿಹೋಗುತ್ತದೆ. ಈ ಸಲ ಕಣ್ಣಿನಲ್ಲಿ ಪೊರೆ ಕಾಣಲು ಶುರುವಾಗಿದೆ ಎಂದರು. ಎಂಟು ವರ್ಷದ ಮಗುವಿಗೆ ಪೊರೆ, ಅತ್ತಿಗೆ. ಅದಕ್ಕೇ ಸ್ಟೀರಾಯ್ಡ್ ಇಳಿಸುತ್ತಾ ಬಂದು ನಿಲ್ಲಿಸಿಬಿಡಬೇಕೆಂದು ಈ ಹೊಸ ಔಷಧಿ ಬರೆದಿದ್ದಾರೆ. ಮೈಕೋಫೆನೊಲೇಟ್ ಅಂತ ಹೆಸರು, ನನಗೆ ನಾಲಗೆ ಹೊರಳುವುದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾಪ್ಸೂಲು. ಒಂದು ಹೊತ್ತೂ ತಪ್ಪಬಾರದು. ತಪ್ಪಿದರೆ ಮತ್ತೆ ಸೋರುತ್ತದೆ, ಮತ್ತೆ ಸ್ಟೀರಾಯ್ಡ್, ಮತ್ತೆ ಕಣ್ಣು.

ಪ್ರೋಟೀನು ಸೋರುತ್ತಿದೆಯೇ ಎಂದು ತಿಳಿಯಲು ಬೆಳಗಿನ ಮೂತ್ರದಲ್ಲಿ ಪರೀಕ್ಷೆಯ ಕಡ್ಡಿ ಅದ್ದಿ ನೋಡಿ. ಹಳದಿಯಾಗಿದ್ದರೆ ಒಳ್ಳೆಯದು, ಹಸಿರಿಗೆ ತಿರುಗಿದರೆ ಕೂಡಲೇ ನನಗೆ ತಿಳಿಸಿ. ಊಟಕ್ಕೆ ಉಪ್ಪು ಕಡಿಮೆ. ಕೆಮ್ಮುವವರ ಹತ್ತಿರ ಬಿಡಬೇಡಿ. ಡಾಕ್ಟರಮ್ಮ ಇನ್ನೂ ಒಂದು ಮಾತು ಹೇಳಿದರು. ಅದು ನಮ್ಮ ಮನೆಗೆ ಸಂಬಂಧಪಟ್ಟದ್ದಲ್ಲ, ಹಾಗಾಗಿ ಬರೆದಿಲ್ಲ.

ನಿಮ್ಮ
ಪ್ರೇಮಾ


ಲೊಕ್ಕನಹಳ್ಳಿ
೧೫ ಜೂನ್ ೨೦೨೪

ಪ್ರೇಮಾ,

ನಿನ್ನ ಕಾಗದ ತಲುಪಿತು. ಕಾಗದವೇನು ಅದು, ಪಂಚಾಯ್ತಿ ನೋಟೀಸು. ಮಗುವಿಗೆ ಉಪ್ಪು ಕಡಿಮೆ ಹಾಕುವುದು ಹೇಗೆ ಅಂತ ನನಗೆ ಇಷ್ಟುದ್ದ ಬರೆಯಬೇಕಿತ್ತೇ? ಅವಳಿಗೋಸ್ಕರ ಈಗ ಇಡೀ ಮನೆಯೇ ಸಪ್ಪೆ ಉಣ್ಣುತ್ತಿದೆ. ನಿಮ್ಮಣ್ಣ ಮಾದೇಶ ಮಹಾರಾಯರು ಮಾತ್ರ ಮುದ್ದೆಯ ಪಕ್ಕದಲ್ಲಿ ಉಪ್ಪಿನಕಾಯಿ ಬಚ್ಚಿಟ್ಟುಕೊಂಡು ತಿನ್ನುತ್ತಾರೆ.

ಭವ್ಯ ಚೆನ್ನಾಗಿದ್ದಾಳೆ. ಹಸಿವು ಅಂದರೆ ಹಸಿವು. ಉಂಡು ಕೈ ತೊಳೆಯುವ ಹೊತ್ತಿಗೇ ಅತ್ತೆ ಏನಿದೆ ಅಂತ ಬರುತ್ತಾಳೆ. ನಿನ್ನೆ ಹೊಲಕ್ಕೆ ಹಂದಿ ನುಗ್ಗಿ ಜೋಳದ ಪೈರನ್ನೆಲ್ಲ ಉತ್ತುಬಿಟ್ಟಿದ್ದವು. ಅದನ್ನು ನೋಡಿ, ಹಂದಿಗೂ ಸ್ಟೀರಾಯ್ಡ್ ಕೊಟ್ಟಿದ್ದಾರಾ ಅತ್ತೆ ಅಂದಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಕಡ್ಡಿ ದಿನವೂ ಹಳದಿ.

ನಿಮ್ಮವ್ವ ಆ ಔಷಧಿ ಡಬ್ಬಿಯ ಬಗ್ಗೆ ಏನೇನೋ ಕೇಳುತ್ತಿದ್ದಾರೆ. ನಾನು ಸಂಭಾಳಿಸಿದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ನನಗೆ ನಾಲ್ಕೈದು ದಿನದಿಂದ ಪಿತ್ತ. ಬೆಳಗಿನ ಕಾಫಿಯ ವಾಸನೆಯೇ ಆಗುತ್ತಿಲ್ಲ, ಒಗ್ಗರಣೆ ಹಾಕುವಾಗ ಮೂಗು ಮುಚ್ಚಿಕೊಳ್ಳುತ್ತೇನೆ. ಇಷ್ಟು ಸಾಕು, ಬಸ್ಸು ಹೊರಡುವ ಹೊತ್ತಾಯಿತು.

ರತ್ನ


ಯಳಂದೂರು
೨೪ ಜೂನ್ ೨೦೨೪

ಅತ್ತಿಗೆಗೆ ನಮಸ್ಕಾರ.

ಸಂಭಾಳಿಸಿದ್ದೇನೆ ಅಂದಿರಲ್ಲ, ಆ ಮಾತು ನನ್ನ ತಲೆಯಲ್ಲೇ ಕೂತಿದೆ. ಏನನ್ನು ಸಂಭಾಳಿಸಿದಿರಿ? ಹೋದ ವರ್ಷ ಅವ್ವ ಏನು ಮಾಡಿದಳು ನಿಮಗೇ ಗೊತ್ತು. ಬೆಟ್ಟದ ಮಾದಪ್ಪನ ಧೂಳ್ತ, ಆ ವಿಭೂತಿ, ಹಚ್ಚಿದ ಮೇಲೆ ಮಾತ್ರೆ ಯಾಕೆ ಅಂತ ಮೂರು ದಿನ ನಿಲ್ಲಿಸಿದಳು. ಮಗು ಊದಿಕೊಂಡು ಕಣ್ಣು ತೆರೆಯಲಾರದೆ ಆಸ್ಪತ್ರೆ ಸೇರಿತು. ಧೂಳ್ತ ಹಚ್ಚಲಿ, ನಾನೂ ಹಚ್ಚುತ್ತೇನೆ. ಆದರೆ ಔಷಧಿ ನಿಲ್ಲಬಾರದು.

ಇನ್ನೊಂದು ವಿಷಯ. ನಿಮ್ಮ ಕಾಗದ ಮತ್ತೆ ಮತ್ತೆ ಓದಿದೆ. ಪಿತ್ತ, ಇಷ್ಟು ಸಾಕು ಅಂತ ಮುಗಿಸಿದ್ದೀರಿ. ನಿಮಗೆ ಹೊರೆಯಾಗಿದೆಯೇನೋ ಅನಿಸಿತು. ಹೊರೆಯೇ. ಬೇರೆಯವರ ಮಗುವಿನ ಉಚ್ಚೆಯಲ್ಲಿ ದಿನವೂ ಕಡ್ಡಿ ಅದ್ದಿ ನೋಡುವುದು ಯಾರಿಗೆ ತಾನೇ ಇಷ್ಟ? ಹಾಗಿದ್ದರೆ ಮುಚ್ಚುಮರೆಯಿಲ್ಲದೆ ಬರೆಯಿರಿ. ಕೊಳ್ಳೇಗಾಲದಲ್ಲಿ ಒಂದು ರೂಮು ನೋಡಿ ಅವಳನ್ನು ಕರೆದುಕೊಂಡು ಬರುತ್ತೇನೆ.

ಈ ಸಲ ಕಡ್ಡಿಯ ಹೊಸ ಡಬ್ಬಿ ಇಟ್ಟಿದ್ದೇನೆ.

ಪ್ರೇಮಾ


ಲೊಕ್ಕನಹಳ್ಳಿ
೨ ಜುಲೈ ೨೦೨೪

ಪ್ರೇಮಾ,

ನಿನ್ನ ಕಾಗದ ಓದಿ ಮೈಯೆಲ್ಲಾ ಉರಿದುಹೋಯಿತು. ಉತ್ತರ ಬರೆಯಬಾರದು ಅಂತಲೇ ಇಷ್ಟು ದಿನ ಸುಮ್ಮನಿದ್ದೆ. ಬೇರೆಯವರ ಮಗು ಅಂತ ಬರೆದಿದ್ದೀಯಲ್ಲ, ಯಾರ ಬಾಯಿಂದ ಬಂದ ಮಾತು ಅದು? ಅವಳು ಹುಟ್ಟಿದ ಮೂರನೇ ತಿಂಗಳಿಂದ ನನ್ನ ತೊಡೆಯ ಮೇಲೆ ಮಲಗಿ ಬೆಳೆದವಳು. ಹೊರೆ ಅಂತ ಇನ್ನೊಂದು ಸಲ ಬರೆದರೆ ಆ ಕಾಗದವನ್ನು ಒಲೆಗೆ ಹಾಕುತ್ತೇನೆ.

ಸಂಭಾಳಿಸಿದ್ದು ಏನು ಅಂತ ಕೇಳಿದೆಯಲ್ಲ, ಕೇಳು. ನಂಜನಗೂಡಿನ ಔಷಧಿ ಕಾರ್ಖಾನೆಗೆ ಹೋಗುವ ಮೇಲಿನ ಹೊಲದ ಮೂರ್ತಿ ನೀನು ಹೋದ ದಿನವೇ ಬಂದಿದ್ದ. ಡಬ್ಬಿ ನೋಡಿದವನು ಸುಮ್ಮನೆ ಹೋಗಬೇಕೋ ಬೇಡವೋ. ಈ ಕ್ಯಾಪ್ಸೂಲಿನ ಸಿಪ್ಪೆಯನ್ನು ದನದ ಚರ್ಮ, ಮೂಳೆ ಬೇಯಿಸಿ ಮಾಡುತ್ತಾರೆ ಅಂತ ನಿಮ್ಮವ್ವನ ಕಿವಿಗೆ ಹಾಕಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮನುಷ್ಯ ಅವನು, ಸುಳ್ಳಿರಬೇಕು ಅಂದುಕೊಂಡೆ. ಹನೂರಿನ ಮೆಡಿಕಲ್ಸಿನಲ್ಲಿ ನಿಮ್ಮಣ್ಣ ಕೇಳಿಕೊಂಡು ಬಂದರು, ನಿಜವಂತೆ. ನಿಮ್ಮವ್ವ ಡಬ್ಬಿಯನ್ನು ಎತ್ತಿ ಹೊರಗಿಟ್ಟರು. ಕೂಗಾಡಲಿಲ್ಲ, ನನ್ನ ಕೈ ಹಿಡಿದುಕೊಂಡು ಹೇಳಿದರು:

“ಸತ್ತ ದನದ ಚರ್ಮ ಕಣವ್ವ ಅದು. ಕೊರಳಲ್ಲಿ ಲಿಂಗ ಇರೋ ಮಗೀಗೆ ಅದ ನುಂಗ್ಸಿಯಾ? ನಾನ್ ಬದುಕಿರೋಗಂಟ ಈ ವಸ್ಲು ದಾಟ್ಬಾರ್ದು ಅದು.”

ಔಷಧಿ ಬಿಟ್ಟರೆ ಮಗು ಹೋಗುತ್ತದೆ, ಒಳಗೆ ತಂದರೆ ನಿಮ್ಮವ್ವ ಅನ್ನ ಬಿಡುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಔಷಧಿ ಇರುವುದು ಒಳಗಿನ ಪುಡಿಯಲ್ಲಿ ತಾನೇ, ಸಿಪ್ಪೆ ಯಾರಿಗೆ ಬೇಕು? ಡಬ್ಬಿಯನ್ನು ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದೇನೆ. ಎರಡು ಹೊತ್ತೂ ಅಲ್ಲಿಗೇ ಹೋಗಿ, ಬಾಗಿಲು ಮುಂದೆ ಮಾಡಿ, ಕ್ಯಾಪ್ಸೂಲು ಬಿಚ್ಚಿ, ಪುಡಿಯನ್ನು ಬಾಳೆಹಣ್ಣಿಗೆ ಕಿವುಚಿ ಸಿಪ್ಪೆಯನ್ನು ತಿಪ್ಪೆಗೆ ಎಸೆಯುತ್ತೇನೆ. ನಿಮ್ಮವ್ವ ಒಪ್ಪಿಕೊಂಡಿದ್ದಾರೆ. ನೀನು ಬಿಟ್ಟು ಹೋದ ಮಾರನೇ ದಿನದಿಂದಲೂ ಹೀಗೇ ನಡೆದಿದೆ, ಒಂದು ಹೊತ್ತೂ ತಪ್ಪಿಲ್ಲ. ಪುಡಿ ಹಗುರ, ಬಿಚ್ಚಿದ ಕೂಡಲೇ ಮೂಗಿಗೆ ಅಡರುತ್ತದೆ, ಅಷ್ಟೇ ತೊಂದರೆ. ಕಹಿ ಉಳಿದಿದ್ದರೆ ಮಗು ಉಗುಳುತ್ತದೆಂದು ಮೊದಲು ನಾನು ನಾಲಗೆಗೆ ಇಟ್ಟು ನೋಡಿ ಆಮೇಲೆ ಅವಳಿಗೆ ತಿನ್ನಿಸುತ್ತೇನೆ.

ಪಿತ್ತ ಇನ್ನೂ ಹೋಗಿಲ್ಲ. ಅದರ ಚಿಂತೆ ನಿನಗೆ ಬೇಡ.

ರತ್ನ


ಯಳಂದೂರು
೪ ಜುಲೈ ೨೦೨೪

ಅತ್ತಿಗೆ,

ಹೊರೆ ಎಂದು ಬರೆದದ್ದು ತಪ್ಪು. ಇನ್ನು ಆ ಮಾತು ಬರುವುದಿಲ್ಲ.

ನಿಮ್ಮ ಕಾಗದ ಓದಿದ ತಕ್ಷಣ ಮೈಸೂರಿಗೆ ಫೋನ್ ಮಾಡಿದೆ. ಡಾಕ್ಟರಮ್ಮನೇ ಸಿಕ್ಕಿದರು. ಬಿಚ್ಚುತ್ತಿದ್ದಾರೆ ಅಂದ ಕೂಡಲೇ ಗದರಿದರು. ಬಿಚ್ಚಕೂಡದು, ಪುಡಿ ಮಾಡಕೂಡದು ಎಂದು ಅವತ್ತೇ ಹೇಳಿದ್ದೆ, ಬಿಚ್ಚುವವರಿಗೂ ಅದು ಒಳ್ಳೆಯದಲ್ಲ ಅಂದರು. ನಿಜ, ಹೇಳಿದ್ದರು. ಇಡಿಯಾಗಿ ನುಂಗುವ ಮಗುವಿಗೆ ಯಾರು ಬಿಚ್ಚುತ್ತಾರೆ ಎಂದು ನಾನೇ ಬರೆದಿರಲಿಲ್ಲ. ಆಮೇಲೆ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಏನೇನೋ ಕೇಳಿದರು. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ, ಆ ಭಯವಿಲ್ಲ ಅಂದೆ. ಹಾಗಿದ್ದರೂ ಬಿಚ್ಚುವುದನ್ನು ನಿಲ್ಲಿಸಿ ಅಂದರು.

ಇದೇ ಔಷಧಿ ಮಾತ್ರೆಯಾಗಿಯೂ ಬರುತ್ತದಂತೆ. ಅದಕ್ಕೆ ಈ ಸಿಪ್ಪೆ ಇಲ್ಲ, ಅವ್ವನ ತಕರಾರೂ ಇರುವುದಿಲ್ಲ. ಕೊಳ್ಳೇಗಾಲದ ಅಂಗಡಿಗಳಲ್ಲಿ ಇಲ್ಲ, ಮೈಸೂರಿನಿಂದ ತರಿಸಬೇಕು. ಅದು ಬರುವವರೆಗೆ ಹೇಗಾದರೂ ಅವಳಿಗೆ ಇಡಿಯಾಗಿಯೇ ನುಂಗಿಸಿ. ಅವ್ವನಿಗೆ ಕಾಣದ ಹಾಗೆ ಹೊಲದ ಕಡೆ ಕರೆದುಕೊಂಡು ಹೋಗಿ ಕೊಡಿ. ದಯವಿಟ್ಟು ಬಿಚ್ಚಬೇಡಿ.

ಅಣ್ಣನ ಫೋನಿಗೂ ಮಾಡಿದೆ. ಅವ್ವ ಎತ್ತಿಕೊಂಡಳು. ಊಟವಾಯ್ತಾ ಎಂದು ಕೇಳಿ ಇಟ್ಟುಬಿಟ್ಟೆ.

ಪ್ರೇಮಾ


ಯಳಂದೂರು
೧೩ ಜುಲೈ ೨೦೨೪

ಅತ್ತಿಗೆ,

ಮಾತ್ರೆಗಳು ಈಗ ಬಂದವು, ಈ ಕಾಗದದ ಜೊತೆಯಲ್ಲಿವೆ. ತಡವಾಯಿತು.

ನಿಮ್ಮಿಂದ ಒಂದಕ್ಷರವೂ ಇಲ್ಲ, ಅಣ್ಣನ ಫೋನೂ ಸಿಗುತ್ತಿಲ್ಲ. ರಾಜಣ್ಣ ದಿನವೂ ಬರಿಗೈ ತೋರಿಸುತ್ತಾನೆ. ನಿನ್ನೆ ಬಸ್ಸಿನ ಹತ್ತಿರ ನಿಂತು ಮನೆಯಲ್ಲಿ ಏನಾದರೂ ಕೇಳಿಬಂತೇ ಅಂದೆ. “ನಿಮ್ ಅತ್ಗೆಮ್ಮ ಸ್ಟಾಪ್ನಾಗೆ ಕಾಣ್ಲೇ ಇಲ್ಲ ಕಣಮ್ಮ, ಮಗೀಗೆ ಸೀತ ಅಂದ್ರು” ಎಂದ. ಭವ್ಯಳಿಗೆ ಶೀತವೇ? ಕಡ್ಡಿ ಯಾವ ಬಣ್ಣ ಬಂತು? ಅವ್ವ ಔಷಧಿ ನಿಲ್ಲಿಸಿದಳೇ? ನನಗೆ ಬಯ್ಯುವುದಾದರೆ ಬಯ್ಯಿರಿ, ಬಣ್ಣ ಒಂದು ಬರೆದು ಬಯ್ಯಿರಿ.

ನಾನೇ ಓಡಿ ಬರುತ್ತಿದ್ದೆ. ನನಗೆ ನಿನ್ನೆಯಿಂದ ಜ್ವರ, ಬೆನ್ನಿನ ಮೇಲೆ ಎರಡು ಗುಳ್ಳೆ ಎದ್ದಿವೆ. ಹಾಸ್ಟೆಲಿನ ಅಮ್ಮ ನನಗೂ ಬಂದಳು. ಈ ಮೈಯಲ್ಲಿ ಮಗಳ ಹತ್ತಿರ ಬರುವ ಹಾಗಿಲ್ಲ.

ಪ್ರೇಮಾ


ಲೊಕ್ಕನಹಳ್ಳಿ
೧೯ ಜುಲೈ ೨೦೨೪

ಪ್ರೇಮಾ,

ಮೊದಲು ಬಣ್ಣ: ಹಳದಿ. ಉಸಿರು ಬಿಡು, ಆಮೇಲೆ ಮುಂದಕ್ಕೆ ಓದು.

ಶೀತ ಬಂದದ್ದು ನಿಜ. ಕಡ್ಡಿ ಎರಡು ದಿನ ಹಸಿರಾಯಿತು. ನಿನಗೆ ಬರೆಯಲಿಲ್ಲ, ಬರೆದಿದ್ದರೆ ನೀನು ಅಲ್ಲಿ ಸಾಯುತ್ತಿದ್ದೆ, ಇಲ್ಲಿ ಏನೂ ಆಗುತ್ತಿರಲಿಲ್ಲ. ಅವಳನ್ನು ಕೊಳ್ಳೇಗಾಲದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೊಸ ಔಷಧಿ ತಪ್ಪಿಸದೆ ಕೊಡಿ, ಕಾಯ್ದು ನೋಡೋಣ, ಇಳಿಯದಿದ್ದರೆ ಸ್ಟೀರಾಯ್ಡ್ ಜಾಸ್ತಿ ಮಾಡುತ್ತೇನೆ ಅಂದರು. ಇಳಿಯಿತು ಪ್ರೇಮಾ. ಸ್ಟೀರಾಯ್ಡ್ ಜಾಸ್ತಿ ಮಾಡದೆ ಇಳಿಯಿತು. ಇಷ್ಟು ವರ್ಷದಲ್ಲಿ ಒಂದು ನೆಗಡಿಯಾದರೂ ಹೀಗೆ ಬಂದು ಹೀಗೆ ಹೋದದ್ದುಂಟೇ? ಕೆನ್ನೆಯ ಊತ ಇಳಿದು ಹಳೇ ಮುಖ ಕಾಣುತ್ತಿದೆ, ನಿನ್ನ ಮೂಗೇ ಅವಳಿಗೆ.

ಬಿಚ್ಚಬೇಡ ಅಂದಿದ್ದೆ. ಇಡಿಯಾಗಿ ಕೊಟ್ಟು ನೋಡಿದೆ. ಶೀತದ ಗಂಟಲು, ನುಂಗಲಾರದೆ ವಾಂತಿ ಮಾಡಿಕೊಂಡಳು. ಅಂಥ ಹೊತ್ತಿನಲ್ಲಿ ಒಂದು ಹೊತ್ತು ತಪ್ಪಿಸಲು ನನಗೆ ಧೈರ್ಯ ಬರಲಿಲ್ಲ. ಮಾತ್ರೆ ಬರುವವರೆಗೂ ಬಿಚ್ಚಿಯೇ ಕೊಟ್ಟೆ. ಹೋದ ವರ್ಷ ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು ಜೋಳಕ್ಕೆಲ್ಲ ಔಷಧಿ ಹೊಡೆದವಳು ನಾನು, ಈ ಚಿಟಿಕೆ ಪುಡಿ ನನ್ನನ್ನು ಏನು ಮಾಡೀತು? ಈಗ ಮಾತ್ರೆ ಕೊಡುತ್ತಿದ್ದೇನೆ, ನಿಮ್ಮವ್ವನೇ ನೀರು ತಂದು ಕೊಡುತ್ತಾರೆ.

ಇನ್ನು ನನ್ನ ಮಾತು. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಇದೂ ಕಾರಣ. ಬರೆಯಲು ಕೂತರೆ ಎಲ್ಲಿ ಬಾಯಿ ಬಿಟ್ಟುಬಿಡುತ್ತೇನೋ ಎಂದು ಕೂರಲಿಲ್ಲ. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದು, ಕಣ್ಣು ತಾಗುತ್ತದೆ ಎಂದು ನಿಮ್ಮವ್ವ ನನ್ನಿಂದ ಕೈಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡಿದ್ದರು. ನಾದಿನಿಗೂ ಹೇಳಕೂಡದು, ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಮೊದಲು ಹೇಳಿ ಆಮೇಲೆ ಮನುಷ್ಯರಿಗೆ ಅಂದರು. ಹೋದ ಸೋಮವಾರ ಬೆಟ್ಟಕ್ಕೆ ಹೋಗಿ ಬಂದೆವು.

ಅದು ಪಿತ್ತ ಅಲ್ಲ ಪ್ರೇಮಾ. ಹನ್ನೊಂದು ವರ್ಷವಾದ ಮೇಲೆ ನನಗೆ ನಿಂತಿದೆ. ಮನುಷ್ಯರಲ್ಲಿ ಮೊದಲು ನಿನಗೇ ಹೇಳುತ್ತಿದ್ದೇನೆ. ನನಗೆ ಎಷ್ಟು ಸಂತೋಷ ಅಂದರೆ ಕೊಟ್ಟಿಗೆಯಲ್ಲಿ ದನದ ಕಿವಿಯಲ್ಲೂ ಹೇಳಿಕೊಂಡಿದ್ದೇನೆ. ಭವ್ಯ ಈಗಿನಿಂದಲೇ ನನ್ನ ಹೊಟ್ಟೆಯ ಮೇಲೆ ಕಿವಿ ಇಟ್ಟು ಒಳಗೆ ಯಾರೂ ಮಾತಾಡುತ್ತಿಲ್ಲವಲ್ಲ ಅತ್ತೆ ಅನ್ನುತ್ತಾಳೆ. ಗುಳ್ಳೆ ಕೆರೆದುಕೊಳ್ಳಬೇಡ, ಬೇವಿನ ಎಲೆ ಹಾಸಿಕೊಂಡು ಮಲಗು.

ನಿನ್ನ ರತ್ನ


ಯಳಂದೂರು
೨೦ ಜುಲೈ ೨೦೨೪

ಅತ್ತಿಗೆ,

ಸಂತೋಷ ಎಂದು ಬರೆಯಬೇಕಾದ ಕಾಗದ ಇದು. ಬರೆಯಲಾರೆ.

ಡಾಕ್ಟರಮ್ಮ ಮೊದಲ ದಿನವೇ ಹೇಳಿದ ಆ ಇನ್ನೊಂದು ಮಾತು ಇದು: ಬಸುರಿಯರು ಈ ಔಷಧಿಯನ್ನು ಮುಟ್ಟಬಾರದು. ಇದರ ಪುಡಿ ಮೂಗಿಗೆ ಹೋಗಬಾರದು, ಬಾಯಿಗೆ ಹೋಗಬಾರದು. ಮೊದಲ ತಿಂಗಳುಗಳಲ್ಲಿ ಹೋದರೆ ಹೊಟ್ಟೆಯಲ್ಲಿರುವ ಮಗುವಿನ ಕಿವಿ ಸರಿಯಾಗಿ ಮೂಡದೆ ಹೋಗಬಹುದು, ತುಟಿ ಸೀಳಬಹುದು, ಹೃದಯದಲ್ಲಿ ದೋಷ ಬರಬಹುದು, ಮಗುವೇ ನಿಲ್ಲದೆ ಹೋಗಬಹುದು. ಡಬ್ಬಿಯ ಮೇಲೂ ಇಂಗ್ಲಿಷಿನಲ್ಲಿ ಬರೆದಿದೆ.

ನಾನು ಬರೆಯಲಿಲ್ಲ. ಭವ್ಯಳ ನಾಮಕರಣದ ದಿನ ತೊಟ್ಟಿಲು ತೂಗಲು ನೀವು ಕೈ ಹಾಕಿದಾಗ ಯಾರೋ ನಿಮ್ಮ ಕೈ ಸರಿಸಿದರು. ನೀವು ಹಿತ್ತಲಿಗೆ ಹೋದಿರಿ. ನಾನು ಬಾಣಂತಿ, ಎದ್ದು ಬರಲಾಗಲಿಲ್ಲ, ಆದರೆ ನೋಡಿದೆ. ಬಸುರಿ ಎಂಬ ಶಬ್ದವನ್ನು ನಿಮಗೆ ಬರೆಯುವ ಕಾಗದದಲ್ಲಿ ಹಾಕಲು ಅವತ್ತಿನಿಂದ ನನಗೆ ಕೈ ಬಂದಿಲ್ಲ. ನಿಮಗೆ ನೋವಾಗುತ್ತದೆ ಎಂದುಕೊಂಡೆ. ಡಾಕ್ಟರಮ್ಮ ಎರಡನೇ ಸಲ ಕೇಳಿದಾಗಲೂ ಅಂಥವರು ಯಾರೂ ಇಲ್ಲ ಎಂದು ನಾನೇ ಹೇಳಿದೆ.

ಅಣ್ಣನಿಗೆ ಈಗ ಫೋನಿನಲ್ಲಿ ಇಷ್ಟು ಹೇಳಿದ್ದೇನೆ: ಅತ್ತಿಗೆ ಆ ಡಬ್ಬಿಯ ಹತ್ತಿರ ಹೋಗಕೂಡದು, ನಾಳೆಯೇ ಕೊಳ್ಳೇಗಾಲದ ಲೇಡಿ ಡಾಕ್ಟರಿಗೆ ತೋರಿಸು. ಯಾಕೆ ಎಂದು ಕೇಳಿದ. ಕಾಗದ ಬರುತ್ತದೆ ಎಂದು ಹೇಳಿ ಇಟ್ಟುಬಿಟ್ಟೆ. ಮೈತುಂಬ ಗುಳ್ಳೆ ಎದ್ದಿವೆ. ಬಸುರಿಯರಿಗೆ ಇದೂ ಆಗದು, ಹಾಗಾಗಿ ಓಡಿ ಬರಲೂ ಆಗುವುದಿಲ್ಲ. ಮಗಳ ಕಣ್ಣು ಉಳಿಸಲು ಹೋಗಿ ನಿಮಗೆ ಏನು ಮಾಡಿಟ್ಟೆ ಅತ್ತಿಗೆ.

ಪ್ರೇಮಾ


ಲೊಕ್ಕನಹಳ್ಳಿ
೨ ಆಗಸ್ಟ್ ೨೦೨೪

ಪ್ರೇಮಾ,

ಭವ್ಯಳನ್ನು ನಿಮ್ಮಣ್ಣ ಈ ಕಾಗದದ ಜೊತೆಗೇ ಕರೆದುಕೊಂಡು ಬರುತ್ತಿದ್ದಾರೆ. ಹಾಸ್ಟೆಲಿನಲ್ಲಿ ಅಮ್ಮ ಇಳಿದಿದೆಯೆಂದು ರಾಜಣ್ಣ ಹೇಳಿದ, ನಿನ್ನ ಗುಳ್ಳೆಗಳೂ ಒಣಗಿವೆಯಂತೆ. ಅವಳ ಬಟ್ಟೆ, ಮಾತ್ರೆ, ಕಡ್ಡಿ ಎಲ್ಲ ಚೀಲದಲ್ಲಿವೆ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಅದನ್ನು ಸರಿಯಾಗಿ ಹೇಳು. ಆದರೆ ಆ ಮಾತ್ರೆಯ ಡಬ್ಬಿ ಇರುವ ಮನೆಯಲ್ಲಿ ನನಗೆ ನಿದ್ದೆ ಬರುತ್ತಿಲ್ಲ.

ಲೇಡಿ ಡಾಕ್ಟರ್ ಎಲ್ಲ ಕೇಳಿಕೊಂಡರು. ಔಷಧಿಯನ್ನೇ ನುಂಗುವ ಹೆಂಗಸರಿಗೆ ಅಪಾಯ ದೊಡ್ಡದು, ಮೂಗಿಗೆ ಹೋದ ಪುಡಿಗೆ, ನಾಲಗೆ ತುದಿಗೆ ಇಟ್ಟದ್ದಕ್ಕೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ ಅಂದರು. ಏನೂ ಆಗದೆ ಇರುವುದೇ ಹೆಚ್ಚು, ಆದರೆ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ ಅಂದರು. ಐದನೇ ತಿಂಗಳಲ್ಲಿ ದೊಡ್ಡ ಸ್ಕ್ಯಾನು ಮಾಡಿದರೆ ಒಂದಿಷ್ಟು ಗೊತ್ತಾಗುತ್ತದಂತೆ. ಬೇಡ ಅನಿಸಿದರೆ ಅದಕ್ಕೂ ದಾರಿ ಇದೆ, ಮನೆಯಲ್ಲಿ ಮಾತಾಡಿಕೊಳ್ಳಿ ಅಂದರು. ನಾನು ಕುರ್ಚಿಯಿಂದ ಎದ್ದು ಬಂದುಬಿಟ್ಟೆ.

ನಿಮ್ಮವ್ವನಿಗೆ ನಿನ್ನ ಕಾಗದ ನಾನೇ ಓದಿ ಹೇಳಿದೆ. ಅವತ್ತು ಅವರು ಲಿಂಗಪೂಜೆ ಮಾಡಲಿಲ್ಲ. ಪೂಜೆಯಾಗದೆ ಹನಿ ನೀರು ಮುಟ್ಟದ ಹೆಂಗಸು ಬಿಸಿಲು ಏರುವವರೆಗೂ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದರು. ಆಮೇಲೆ ಒಂದೇ ಮಾತು ಆಡಿದರು. “ನನ್ ಆಚಾರ, ನನ್ ಶೀಲ ನಿನ್ ಒಟ್ಟೇಗೆ ಮುಳ್ಳಾಯ್ತಲ್ಲವ್ವ.” ನಾನು ಸಮಾಧಾನ ಹೇಳಲಿಲ್ಲ. ನನ್ನಲ್ಲಿ ಯಾರಿಗೂ ಹೇಳುವಷ್ಟು ಸಮಾಧಾನ ಉಳಿದಿಲ್ಲ.

ನಿನ್ನ ಮೇಲೆ ಸಿಟ್ಟಿದೆ. ಮೂರ್ತಿಯ ಮೇಲೆ, ನಿಮ್ಮವ್ವನ ಮೇಲೆ ಇರುವುದಕ್ಕಿಂತ ನಿನ್ನ ಮೇಲೆಯೇ ಹೆಚ್ಚು. ಹನ್ನೊಂದು ವರ್ಷದಿಂದ ಈ ಊರಿನವರು ನನ್ನನ್ನು ಬಂಜೆ ಅಂದರು, ಮುಖಕ್ಕೇ ಅಂದರು, ತಿರುಗಿ ಬಯ್ದು ಬಂದೆ. ನೀನು ಬಾಯಲ್ಲಿ ಅನ್ನಲಿಲ್ಲ, ಮನಸ್ಸಿನಲ್ಲಿ ಅಂದುಕೊಂಡೆ. ಅವಳಿಗೆ ಈ ಮಾತು ಬೇಕಾಗುವುದೇ ಇಲ್ಲ ಎಂದು ಪ್ರೀತಿಯಿಂದಲೇ ಹೊಡೆದುಹಾಕಿದೆಯಲ್ಲ. ನನಗೆ ನಿನ್ನ ಕನಿಕರ ಬೇಕಿರಲಿಲ್ಲ ಪ್ರೇಮಾ, ಆ ಒಂದು ಸಾಲು ಬೇಕಿತ್ತು. ಅದನ್ನು ಓದಿ ನಾನು ಒಂದು ದಿನ ಅತ್ತಿರುತ್ತಿದ್ದೆ, ಅಷ್ಟೇ ಆಗುತ್ತಿದ್ದದ್ದು.

ನಾನೂ ಮುಚ್ಚಿಟ್ಟೆ, ಗೊತ್ತು. ಅದನ್ನು ನೀನು ಹೇಳಬೇಡ.

ಇಲ್ಲಿಗೆ ಬರಬೇಡ, ಬರೆಯಲೂಬೇಡ.

ರತ್ನ


ಯಳಂದೂರು
೨೮ ಆಗಸ್ಟ್ ೨೦೨೪

ಅತ್ತಿಗೆ,

ಬರೆಯಬೇಡ ಅಂದಿರಿ. ಬರೆಯದೆ ಬಿಟ್ಟು ಒಂದು ಸಲ ನೋಡಿಯಾಯಿತು, ಇನ್ನು ಬಿಡುವುದಿಲ್ಲ. ಓದುವುದು, ಒಲೆಗೆ ಹಾಕುವುದು ನಿಮಗೆ ಬಿಟ್ಟದ್ದು.

ಮೈಸೂರಿಗೆ ಹೋಗಿ ಡಾಕ್ಟರಮ್ಮನ ಎದುರು ಎಲ್ಲ ಹೇಳಿದೆ. ಯಾರೂ ಇಲ್ಲ ಎಂದು ನಾನು ಹೇಳಿದ್ದನ್ನೂ ಹೇಳಿದೆ. ಅವರು ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಐದನೇ ತಿಂಗಳ ಸ್ಕ್ಯಾನನ್ನು ಅಲ್ಲಿಯೇ ಅನುಭವವಿರುವವರ ಹತ್ತಿರ ಮಾಡಿಸಲು ಚೀಟಿ ಬರೆದುಕೊಟ್ಟಿದ್ದಾರೆ, ಜೊತೆಯಲ್ಲಿಟ್ಟಿದ್ದೇನೆ. ಅಣ್ಣನ ಜೊತೆ ಹೋಗಿ. ಬರಬೇಡ ಅಂದಿದ್ದೀರಿ, ನಾನು ಬರುವುದಿಲ್ಲ.

ಭವ್ಯಳ ಸ್ಟೀರಾಯ್ಡ್ ಪೂರ್ತಿ ನಿಲ್ಲಿಸಿದರು. ಹೊಸ ಮಾತ್ರೆ ಇನ್ನೂ ಒಂದೆರಡು ವರ್ಷ ಬೇಕಂತೆ, ತಿಂಗಳು ತಿಂಗಳು ರಕ್ತ ನೋಡಬೇಕಂತೆ. ಕಡ್ಡಿ ಹಳದಿ. ಕಣ್ಣಿನ ಪೊರೆ ಮುಂದಕ್ಕೆ ಹೋಗಿಲ್ಲ ಎಂದರು. ಲಂಗ ಗಿಡ್ಡವಾಗಿದೆ, ಅತ್ತಿಗೆ. ಅಂಗಡಿಯಲ್ಲಿ ಹೊಸ ಲಂಗ ಅಳತೆ ನೋಡುವಾಗ ನನಗೆ ಅಳು ಬಂತು. ಅವಳು ಬೆಳೆದ ಒಂದೊಂದು ಬೆರಳುದ್ದವೂ ನೀವು ಕೊಟ್ಟದ್ದು ಅನಿಸಿತು. ಇದನ್ನು ನಿಮಗೆ ಹೇಳಬಹುದೋ ಬಾರದೋ ಎಂದು ಎರಡು ದಿನ ಯೋಚಿಸಿದೆ. ಆಮೇಲೆ, ಯೋಚಿಸುವುದೇ ನನ್ನ ರೋಗ ಎಂದುಕೊಂಡು ಬರೆದೆ.

ಅತ್ತೆ ಯಾಕೆ ನನ್ನನ್ನು ಕಳಿಸಿದರು ಎಂದು ಕೇಳುತ್ತಾಳೆ. ಔಷಧಿ ಬಿಚ್ಚಿದ್ದರಿಂದ ಅತ್ತೆಯ ಪಾಪುವಿಗೆ ತೊಂದರೆ ಆಗಬಹುದು ಎಂದು ನಿಜವನ್ನೇ ಹೇಳಿದೆ. ಅವಳು ಎರಡು ಹೊತ್ತು ಊಟ ಬಿಟ್ಟಳು. ಮಾತ್ರೆ ಬಿಡಲಿಲ್ಲ. “ಅತ್ತೆ ಅಷ್ಟು ಕಷ್ಟಪಟ್ಟು ಕೊಟ್ಟವ್ರೆ, ತಪ್ಪಿಸ್ಬಾರ್ದು” ಅಂದಳು.

ಪ್ರೇಮಾ


ಲೊಕ್ಕನಹಳ್ಳಿ
೧೪ ಸೆಪ್ಟೆಂಬರ್ ೨೦೨೪

ಪ್ರೇಮಾ,

ಮಗುವಿಗೆ ಅದನ್ನೆಲ್ಲ ಯಾಕೆ ಹೇಳಿದೆ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಹೇಳಿದ್ದೇ ಸರಿ ಅನಿಸಿತು. ಅವಳು ಊಟ ಬಿಟ್ಟರೆ ನಾನು ಅಲ್ಲಿಗೆ ಬಂದು ಬೆನ್ನಿಗೆ ಎರಡು ಕೊಡುತ್ತೇನೆ ಅಂತ ಹೇಳು.

ನಿನ್ನೆ ಮೈಸೂರಿಗೆ ಹೋಗಿದ್ದೆವು. ಸ್ಕ್ಯಾನು ಮಾಡಿದವರು ಪರದೆ ನೋಡುತ್ತಾ ಅಳತೆ ತೆಗೆಯುತ್ತಿದ್ದರು. ನಿಮ್ಮಣ್ಣ ಹೊರಗೆ, ಒಳಗೆ ನಾನೊಬ್ಬಳೇ. ಕೊನೆಗೆ ಒಂದೊಂದಾಗಿ ಹೇಳಿದರು. ಹೃದಯ ಸರಿ ಇದೆ. ತುಟಿ ಸರಿ ಇದೆ. ಬೆನ್ನು, ಕೈಕಾಲು ಸರಿ ಇದೆ. ಒಂದು ಕಿವಿ ಚೆನ್ನಾಗಿ ಕಂಡಿತು. ಇನ್ನೊಂದು ಕಾಣಲಿಲ್ಲ. ಮಗು ಆ ಕಡೆಗೆ ಕೈ ಅಡ್ಡ ಇಟ್ಟುಕೊಂಡು ಮಲಗಿತ್ತು. ನನ್ನನ್ನು ನಡೆಸಿದರು, ನೀರು ಕುಡಿಸಿದರು, ಮಗ್ಗುಲು ತಿರುಗಿಸಿದರು. ಅದು ಕೈ ತೆಗೆಯಲಿಲ್ಲ. ನಮ್ಮ ಮನೆಯ ಹಟ ಎಲ್ಲಿ ಹೋಗುತ್ತದೆ. ಇನ್ನೊಂದು ಸಲ ಬಂದರೂ ಕಾಣಬಹುದು, ಕಾಣದೆಯೂ ಇರಬಹುದು, ಕಿವಿ ಕೇಳುತ್ತದೋ ಇಲ್ಲವೋ ಎನ್ನುವುದು ಹೇಗೂ ಹುಟ್ಟಿದ ಮೇಲೆಯೇ ಅಂದರು.

ಬರುವಾಗ ಬಸ್ಸಿನಲ್ಲಿ ನಿಮ್ಮಣ್ಣ ಎಲ್ಲಾ ಸರಿ ಇದೆಯಂತೆ ಅಲ್ವಾ ಅಂತ ಮೂರು ಸಲ ಕೇಳಿದರು. ನಿಮ್ಮವ್ವ ಬಾಗಿಲಲ್ಲೇ ಎರಡೂ ಕಿವಿ ಇದೆ, ಮಾದಪ್ಪ ನನಗೆ ಹೇಳಿದ ಅಂದರು. ಹೆದರಿಕೆಗೆ ಹಾಗೆ ಅನ್ನುತ್ತಾರೆ, ಪಾಪ. ಮಗು ಹೇಗೇ ಬರಲಿ, ನಾನು ಎತ್ತಿಕೊಳ್ಳುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಹೆದರಿಕೆ ಅದಲ್ಲ. ಆ ದಿನ ಎಲ್ಲರೂ ಸೇರಿ ನನ್ನ ಮೇಲೆ ಕನಿಕರಪಟ್ಟು, ಏನಿಲ್ಲ ಏನಿಲ್ಲ ಅಂತ ಬಟ್ಟೆ ಸುತ್ತಿ ಕೈಗೆ ಕೊಡುತ್ತಾರಲ್ಲ, ನನಗೆ ಅದು ಬೇಡ.

ಜನವರಿ ಕೊನೆ ಅಂದಿದ್ದಾರೆ. ಸಂಕ್ರಾಂತಿ ಕಳೆದ ಕೂಡಲೇ ನೀನು ರಜ ಹಾಕಿ ಇಲ್ಲಿಗೆ ಬಾ. ಸಿಟ್ಟು ಇನ್ನೂ ಇದೆ, ಆದರೂ ಬಾ. ಆಸ್ಪತ್ರೆಯಲ್ಲಿ ನನ್ನ ಜೊತೆ ನೀನೇ ಇರಬೇಕು. ಮಗುವನ್ನು ಮೊದಲು ನಿನ್ನ ಕೈಗೆ ಕೊಡಲು ನರ್ಸಮ್ಮನಿಗೆ ಹೇಳಿಟ್ಟಿರುತ್ತೇನೆ. ಬಟ್ಟೆ ಬಿಚ್ಚಿ, ತಲೆಯಿಂದ ಕಾಲಿನವರೆಗೆ ನೋಡಿ, ಆ ಕಿವಿ ನೋಡಿ, ಬಂದು ನನ್ನ ಮುಖಕ್ಕೆ ಮುಖ ಕೊಟ್ಟು ಹೇಳು. ನಿಮ್ಮವ್ವ ಸುಳ್ಳು ಹೇಳುತ್ತಾರೆ, ನಿಮ್ಮಣ್ಣ ಅಳುತ್ತಾರೆ. ನೀನು ಇದ್ದದ್ದನ್ನು ಇದ್ದ ಹಾಗೆ ಹೇಳು, ನನಗೆ ನೋವಾಗುತ್ತದೆ ಅಂತ ಏನನ್ನೂ ಬಿಡಬೇಡ.

ರತ್ನ